ಹಳೆಯ ಮ್ಯಾಂಟಲ್ ಗಡಿಯಾರ ಎಲ್ಲಿಯದು, ಎಷ್ಟು ಬೆಲೆ ಬಾಳುತ್ತದೆ: ಹಿಂಬದಿಯಿಂದ ಓದುವ ಕ್ರಮ

ಹಳೆಯ ಮ್ಯಾಂಟಲ್ ಗಡಿಯಾರದ (ಕಪಾಟು, ಹಲಗೆಯಂಥ ಜಾಗದ ಮೇಲೆ ಇಡುವ ಗಡಿಯಾರ) ಬಗ್ಗೆ ಕೇಳುವವರು ನನಗೆ ಮೊದಲು ಕಳಿಸುವುದು ಡಯಲ್‌ನ ಫೋಟೋ. ಧೂಳು ಒರೆಸಿ, ಒಳ್ಳೆಯ ಬೆಳಕಿನಲ್ಲಿಟ್ಟು ತೆಗೆದ ಫೋಟೋ. ಜೊತೆಗೆ ಎರಡೇ ಪ್ರಶ್ನೆ: ಇದು ಯಾವ ದೇಶದ್ದು, ಎಷ್ಟು ಬೆಲೆ ಬಾಳುತ್ತದೆ? ನಾನು ತಿರುಗಿ ಕೇಳುವುದು ಹಿಂಬದಿಯ ಫೋಟೋ. ಗಡಿಯಾರ ಬಿಚ್ಚಿ ಜೋಡಿಸುವುದೇ ಕೆಲಸವಾದವರಿಗೆ ಮುಖಕ್ಕಿಂತ ಬೆನ್ನೇ ಜಾಸ್ತಿ ಹೇಳುತ್ತದೆ.

ಯಾಕೆ ಅಂದರೆ, ಡಯಲ್ ಮೇಲಿನ ಹೆಸರು ಎಷ್ಟೋ ಸಲ ಮಾರಿದವನದು, ಮಾಡಿದವನದಲ್ಲ. 19ನೇ ಶತಮಾನದಲ್ಲಿ ಫ್ರಾನ್ಸಿನ ಬೋಕೂರ್, ಮೋಂಬೆಲಿಯಾರ್ ಕಡೆಯ ಕಾರ್ಖಾನೆಗಳು ಮೆಷಿನ್ ಮಾಡಿ ಕಳಿಸುತ್ತಿದ್ದವು. ಪ್ಯಾರಿಸ್ಸಿನಲ್ಲಿ ಅದನ್ನು ತಿದ್ದಿ ತೀಡಿ ಪೆಟ್ಟಿಗೆಗೆ ಕೂಡಿಸುತ್ತಿದ್ದರು. ಆಮೇಲೆ ಲಂಡನ್ನಿನ ಯಾವುದೋ ಒಡವೆ ಅಂಗಡಿ ತನ್ನ ಹೆಸರು ಬರೆಸಿಕೊಂಡು ಮಾರುತ್ತಿತ್ತು. ಹಾಗಾಗಿ ಡಯಲ್‌ನಲ್ಲಿ ಲಂಡನ್ ಅಂತ ಇದ್ದ ಮಾತ್ರಕ್ಕೆ ಅದು ಇಂಗ್ಲೆಂಡಿನ ಗಡಿಯಾರ ಅನ್ನಲು ಆಗುವುದಿಲ್ಲ. ಹಾಗಂತ ಆ ಹೆಸರನ್ನು ಬಿಟ್ಟುಬಿಡಬೇಡಿ, ಬರೆದಿಟ್ಟುಕೊಳ್ಳಿ. ಹಳೆಯ ವ್ಯಾಪಾರಿಗಳ ಡೈರೆಕ್ಟರಿಯಲ್ಲಿ ಆ ಅಂಗಡಿ ಯಾವ ವಿಳಾಸದಲ್ಲಿ ಯಾವ ವರ್ಷ ಇತ್ತು ಅಂತ ಸಿಕ್ಕಿದರೆ, ಕಾಲ ತಿಳಿಯಲು ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಮುಟ್ಟುವ ಮೊದಲು

ಬೇಕಾಗುವುದು ಕಡಿಮೆ: ಒಂದು ಟಾರ್ಚ್, ಒಂದು ಭೂತಗನ್ನಡಿ, ಸಣ್ಣ ಮ್ಯಾಗ್ನೆಟ್, ಸ್ಕೇಲ್, ಮೆತ್ತನೆಯ ಬಟ್ಟೆ. ಗಡಿಯಾರವನ್ನು ತಿರುಗಿಸುವ ಮೊದಲು ಹಿಂದಿನ ಬಾಗಿಲು ತೆಗೆದು ಲೋಲಕವನ್ನು ಕೊಕ್ಕೆಯಿಂದ ಬಿಡಿಸಿ ಬೇರೆ ಇಡಿ. ಲೋಲಕ ನೇತಾಡುತ್ತಿರುವಾಗಲೇ ಎತ್ತಿ ಅಡ್ಡ ಹಾಕಿದರೆ, ಅದನ್ನು ಹಿಡಿದಿರುವ ತೆಳ್ಳನೆಯ ಸ್ಟೀಲ್ ಪಟ್ಟಿ ಮಡಚಿಹೋಗುತ್ತದೆ. ಮುಳ್ಳನ್ನು ಹಿಂದಕ್ಕೆ ತಿರುಗಿಸಬೇಡಿ. ಮೆಷಿನ್ನನ್ನು ಮಾತ್ರ ಖಂಡಿತ ಬಿಚ್ಚಬೇಡಿ. ಕೀ ಕೊಟ್ಟಿರುವ ಸ್ಪ್ರಿಂಗ್ ಒಮ್ಮೆಲೇ ಬಿಡಿಸಿಕೊಂಡರೆ ಬೆರಳು ಹೋಗುವಷ್ಟು ಜೋರು ಇರುತ್ತದೆ. ಮೂಲ ತಿಳಿಯಲು ಬಿಚ್ಚುವ ಅಗತ್ಯವೂ ಇಲ್ಲ, ಬಾಗಿಲಿನಿಂದ ಕಾಣುವುದೇ ಸಾಕು.

ಮೆಷಿನ್ನಿನ ಆಕಾರವೇ ಮೊದಲ ಗುರುತು

ಟಾರ್ಚ್ ಹಾಕಿ ತಟ್ಟೆಯನ್ನು, ಅಂದರೆ ಮೆಷಿನ್ನಿನ ಚಕ್ರಗಳನ್ನು ಹಿಡಿದಿರುವ ಹಿತ್ತಾಳೆ ಹಲಗೆಯನ್ನು, ನೋಡಿ. ದಪ್ಪ ಹಿತ್ತಾಳೆಯ ದುಂಡು ತಟ್ಟೆ, ಸ್ಪ್ರಿಂಗುಗಳು ಕಾಣದಂತೆ ಡಬ್ಬಿಯೊಳಗೆ ಮುಚ್ಚಿವೆ ಅಂದರೆ, ಬಹುಮಟ್ಟಿಗೆ ಅದು ಫ್ರೆಂಚ್ ಮೆಷಿನ್. ತೆಳ್ಳನೆಯ ಹಿತ್ತಾಳೆ ತಗಡನ್ನು ಅಲ್ಲಲ್ಲಿ ಕತ್ತರಿಸಿ ತೆಗೆದ ತಟ್ಟೆ, ಎರಡು ದೊಡ್ಡ ಸ್ಪ್ರಿಂಗ್ ಸುರುಳಿಗಳು ಬಯಲಲ್ಲೇ ಕಾಣುತ್ತಿವೆ ಅಂದರೆ ಅಮೆರಿಕದ್ದಿರಬಹುದು. ಇಲ್ಲಿ ಸ್ವಲ್ಪ ಹುಷಾರು. ಜರ್ಮನಿಯ ಯುಂಗ್‌ಹಾನ್ಸ್, ಹ್ಯಾಂಬರ್ಗ್ ಅಮೆರಿಕನ್ ಕಂಪನಿಗಳು ಅಮೆರಿಕದ ಕಾರ್ಖಾನೆ ವಿಧಾನವನ್ನೇ ತಂದುಕೊಂಡಿದ್ದವು. ಅವರ ಅಗ್ಗದ ಮೆಷಿನ್ನುಗಳೂ ಹೀಗೇ ಕಾಣುತ್ತವೆ. ಅದಕ್ಕೇ ತಟ್ಟೆ ಮೇಲಿನ ಮುದ್ರೆ ಬೇಕು. ಎಂಟು ಮೂಲೆಯ ನಕ್ಷತ್ರದೊಳಗೆ ಜೆ ಅಕ್ಷರ ಇದ್ದರೆ ಯುಂಗ್‌ಹಾನ್ಸ್. ಅಡ್ಡಡ್ಡ ಇಟ್ಟ ಎರಡು ಬಾಣ ಇದ್ದರೆ ಹ್ಯಾಂಬರ್ಗ್ ಅಮೆರಿಕನ್.

ಇಂಗ್ಲೆಂಡಿನ ಒಳ್ಳೆಯ ಹಳೆಯ ಗಡಿಯಾರದಲ್ಲಿ ಇನ್ನೊಂದು ವಸ್ತು ಕಾಣುತ್ತದೆ. ಅದು ಫ್ಯೂಸೀ. ಬುಗುರಿಯ ಹಾಗೆ ಒಂದು ಕಡೆ ಅಗಲ, ಒಂದು ಕಡೆ ಸಣ್ಣ, ಮೈ ತುಂಬ ಸುತ್ತು ಗೆರೆ. ಅದರ ಮೇಲೆ ಸಣ್ಣ ಸರಪಳಿಯೋ ತಂತಿಯೋ ಸುತ್ತಿರುತ್ತದೆ. ಸ್ಪ್ರಿಂಗ್ ಬಿಗಿಯಾಗಿದ್ದಾಗ ಜೋರಾಗಿ ಎಳೆಯುತ್ತದೆ, ಸಡಿಲವಾದಂತೆ ಎಳೆತ ಕಡಿಮೆಯಾಗುತ್ತದೆ. ಆ ಏರುಪೇರನ್ನು ಸರಿದೂಗಿಸುವುದು ಇದರ ಕೆಲಸ. ಮ್ಯಾಂಟಲ್ ಗಡಿಯಾರದಲ್ಲಿ ಫ್ಯೂಸೀ ಕಂಡರೆ ಬೆಲೆಯ ಮಾತು ಬೇರೆಯೇ ಆಗುತ್ತದೆ. ತಜ್ಞರಿಗೆ ತೋರಿಸದೆ ಮಾರಬೇಡಿ.

ಒಂದು ಫ್ರೆಂಚ್ ಬೆನ್ನನ್ನು ಓದೋಣ

ಈಗ ನನ್ನ ಮೇಜಿನ ಮೇಲೆ ಕಪ್ಪು ಕಲ್ಲಿನ ಒಂದು ಗಡಿಯಾರ ಇದೆ. ದೇವಸ್ಥಾನದ ಮುಂಭಾಗದಂಥ ಪೆಟ್ಟಿಗೆ, ಬಿಳಿ ಎನಾಮಲ್ ಡಯಲ್, ಹೆಸರು ಗಿಸರು ಏನೂ ಇಲ್ಲ. ಹಿಂದಿನ ಬಾಗಿಲು ತೆಗೆದರೆ ಗಂಟೆ ಬಡಿಯುವ ಬಟ್ಟಲು ಅಡ್ಡ ಬರುತ್ತದೆ. ಅದರ ನಡುವಿನ ತಿರುಪು ಬಿಚ್ಚಿ ಬಟ್ಟಲನ್ನು ಪಕ್ಕಕ್ಕೆ ಇಟ್ಟ ಮೇಲೆ ತಟ್ಟೆ ಪೂರ್ತಿ ಕಾಣುತ್ತದೆ.

ತಟ್ಟೆಯಲ್ಲಿ ದುಂಡಾದ ಮುದ್ರೆ: ಎಸ್. ಮಾರ್ಟಿ, ಬೆಳ್ಳಿ ಪದಕ, 1889. ಇದನ್ನು ಓದಿದ ತಕ್ಷಣ ಎಲ್ಲರೂ "1889ರ ಗಡಿಯಾರ" ಅನ್ನುತ್ತಾರೆ. ಹಾಗಲ್ಲ. ಅದು ಪ್ಯಾರಿಸ್ ಪ್ರದರ್ಶನದಲ್ಲಿ ಕಂಪನಿಗೆ ಪದಕ ಬಂದ ವರ್ಷ. ಪದಕ ಬಂದ ಮೇಲೆ ವರ್ಷಗಟ್ಟಲೆ ಅದೇ ಮುದ್ರೆ ಹಾಕುತ್ತಿದ್ದರು. ಮಾರ್ಟಿಗೆ 1900ರಲ್ಲಿ ಚಿನ್ನದ ಪದಕ ಬಂತು, ಆಮೇಲೆ ಮುದ್ರೆಯಲ್ಲಿ ಅದನ್ನು ಹಾಕಿಕೊಂಡರು. ಆದ್ದರಿಂದ ನನ್ನ ಮುಂದಿರುವುದು 1889ರ ನಂತರದ್ದು, ಬಹುಶಃ 1900ರ ಆಸುಪಾಸಿನೊಳಗಿನದು. ವಿನ್ಸೆಂಟಿ ಕಂಪನಿಯ ಮುದ್ರೆಯಲ್ಲಿ 1834 ಅಂತ ಇರುತ್ತದೆ. ಆ ಮುದ್ರೆಯ ಗಡಿಯಾರಗಳು ಎಷ್ಟೋ ದಶಕ ತಯಾರಾದವು. 1834 ಅಂತ ನಂಬಿ ಜಾಸ್ತಿ ದುಡ್ಡು ಕೊಡುವವರು ಈಗಲೂ ಇದ್ದಾರೆ. ಪದಕದ ವರ್ಷ ಹೇಳುವುದು ಇಷ್ಟೇ: ಇದಕ್ಕಿಂತ ಹಳೆಯದಿರಲು ಸಾಧ್ಯವಿಲ್ಲ.

ಮುದ್ರೆಯ ಕೆಳಗೆ, ತಟ್ಟೆಯ ಅಂಚಿನ ಹತ್ತಿರ, ಎರಡು ಬಗೆಯ ಅಂಕಿ ಇವೆ. ಒಂದು ನಾಲ್ಕಂಕಿಯ ಕ್ರಮಸಂಖ್ಯೆ. ಇನ್ನೊಂದು ಬಿಡಿಬಿಡಿಯಾಗಿ 5, 4. ಈ ಎರಡನೆಯದನ್ನು ಜನ ತಾರೀಖು ಅಂದುಕೊಳ್ಳುತ್ತಾರೆ. ಅದು ಲೋಲಕದ ಉದ್ದ, ಹಳೆಯ ಫ್ರೆಂಚ್ ಅಳತೆಯಲ್ಲಿ: 5 ಇಂಚು, 4 ಲೀನ್. ಆ ಇಂಚು ನಮ್ಮ ಸ್ಕೇಲಿನ ಇಂಚಿಗಿಂತ ಕೊಂಚ ದೊಡ್ಡದು, ಸುಮಾರು 27 ಮಿಲಿಮೀಟರ್. 12 ಲೀನ್ ಸೇರಿದರೆ ಒಂದು ಇಂಚು. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 14.4 ಸೆಂಟಿಮೀಟರ್ ಬರುತ್ತದೆ. ಈಗ ಲೋಲಕವನ್ನು ಅಳೆದು ನೋಡಿ. ತೀರ ಉದ್ದವೋ ತೀರ ಗಿಡ್ಡವೋ ಇದ್ದರೆ ಬೇರೆ ಗಡಿಯಾರದಿಂದ ತಂದು ಹಾಕಿದ್ದು.

ಅಷ್ಟಕ್ಕೇ ನಿಲ್ಲಿಸಬೇಡಿ. ಲೋಲಕದ ಗುಂಡನ್ನು ತಿರುಗಿಸಿ ಅದರ ಬೆನ್ನನ್ನೂ ನೋಡಿ. ಫ್ರೆಂಚ್ ಗಡಿಯಾರಗಳಲ್ಲಿ ತಟ್ಟೆಯ ಕ್ರಮಸಂಖ್ಯೆಯನ್ನೇ ಎಷ್ಟೋ ಸಲ ಗುಂಡಿನ ಹಿಂದೆಯೂ ಒತ್ತಿರುತ್ತಾರೆ. ನನ್ನ ಮೇಜಿನ ಮೇಲಿರುವುದರಲ್ಲಿ ಎರಡೂ ಒಂದೇ. ಅಂದರೆ ನೂರು ವರ್ಷಕ್ಕೂ ಮಿಕ್ಕಿ ಈ ಮೆಷಿನ್ನೂ ಈ ಲೋಲಕವೂ ಬೇರೆಯಾಗಿಲ್ಲ. ಇಷ್ಟು ಸಣ್ಣ ವಿಷಯ ನನಗೆ ಯಾವಾಗಲೂ ಖುಷಿ ಕೊಡುತ್ತದೆ. ಕೊಳ್ಳುವವರಿಗೂ ಇದನ್ನು ಫೋಟೋ ತೆಗೆದು ತೋರಿಸಿ, ಬೆಲೆಗೆ ಬಲ ಬರುತ್ತದೆ.

ಇನ್ನು ಕಾಲವನ್ನು ಹತ್ತಿರದಿಂದ ಹಿಡಿಯಲು ಎರಡು ಜಾಗ ನೋಡಬೇಕು.

ಮೊದಲನೆಯದು, ಲೋಲಕ ಯಾವುದರಿಂದ ತೂಗುತ್ತಿದೆ ಅನ್ನುವುದು. ರೇಷ್ಮೆ ದಾರದ ಕುಣಿಕೆಯಿಂದ ತೂಗುತ್ತಿದ್ದರೆ ಸಾಮಾನ್ಯವಾಗಿ 19ನೇ ಶತಮಾನದ ಮೊದಲ ಅರ್ಧದ್ದು ಅಥವಾ ಅದಕ್ಕಿಂತ ಹಿಂದಿನದು. ಸ್ಟೀಲ್ ಪಟ್ಟಿಯಿಂದ ತೂಗುತ್ತಿದ್ದು, ಡಯಲ್‌ನಲ್ಲಿ 12ರ ಹತ್ತಿರ ಒಂದು ಸಣ್ಣ ತೂತು ಇದ್ದರೆ ಅದು ಬ್ರೊಕೋ ಅನ್ನುವ ಫ್ರೆಂಚ್ ಗಡಿಯಾರಗಾರರ ಹೆಸರಿನ ವ್ಯವಸ್ಥೆ. 1840ರ ಸುಮಾರಿನ ನಂತರ ಬಂದದ್ದು. ಎರಡು ತುದಿಯ ಕೀಯ ಸಣ್ಣ ತುದಿ ಇರುವುದು ಆ ತೂತಿಗೇ. ಮುಂದಿನಿಂದಲೇ ಗಡಿಯಾರವನ್ನು ವೇಗ ಮಾಡಬಹುದು, ನಿಧಾನ ಮಾಡಬಹುದು. ರೇಷ್ಮೆ ದಾರ ತೆಗೆದು ಆಮೇಲೆ ಸ್ಟೀಲ್ ಪಟ್ಟಿ ಹಾಕಿಸಿದ ಗಡಿಯಾರಗಳೂ ಇವೆ. ತಟ್ಟೆಯ ಮೇಲ್ಭಾಗದಲ್ಲಿ ಉಪಯೋಗವಿಲ್ಲದ ತೂತು ಉಳಿದಿದ್ದರೆ ಅದೇ ಸಾಕ್ಷಿ.

ಎರಡನೆಯದು, ಗಂಟೆ ಹೊಡೆಯುವ ಬಗೆ. ತಟ್ಟೆಯ ಹಿಂದೆ, ಅಂಚಿನಲ್ಲಿ ಕಚ್ಚುಗಳಿರುವ ಒಂದು ಚಕ್ರ ಇದೆಯಾ ನೋಡಿ. ಕಚ್ಚುಗಳ ನಡುವಿನ ಅಂತರ ಬರುಬರುತ್ತಾ ಹೆಚ್ಚಾಗುತ್ತಾ ಹೋಗುತ್ತದೆ. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು ಅಂತ ಇದು ತನ್ನ ಪಾಡಿಗೆ ಹೊಡೆದುಕೊಂಡು ಹೋಗುತ್ತದೆ, ಮುಳ್ಳು ಎಲ್ಲಿದೆ ಅಂತ ಇದಕ್ಕೆ ಗೊತ್ತಿರುವುದಿಲ್ಲ. ಮುಳ್ಳು ನಾಲ್ಕರಲ್ಲಿದ್ದು ಗಂಟೆ ಏಳು ಹೊಡೆದರೆ ಗಡಿಯಾರ ಕೆಟ್ಟಿದೆ ಅಂತ ಹೆದರಬೇಡಿ, ಲೆಕ್ಕ ತಪ್ಪಿದೆ ಅಷ್ಟೇ. ಫ್ರೆಂಚ್ ಗಡಿಯಾರಗಳಲ್ಲಿ ಈ ಚಕ್ರ 1880ರ ಸುಮಾರಿನವರೆಗೆ ಮಾಮೂಲಾಗಿತ್ತು. ಆಮೇಲೆ ಮುಳ್ಳಿನ ಜಾಗ ನೋಡಿ ತಾನೇ ಲೆಕ್ಕ ಸರಿಮಾಡಿಕೊಳ್ಳುವ ರ‍್ಯಾಕ್ ವ್ಯವಸ್ಥೆ ಜಾಸ್ತಿಯಾಯಿತು.

ಅಮೆರಿಕ, ಜರ್ಮನಿ: ಇಲ್ಲಿ ಕಾಗದವೂ ಮಾತಾಡುತ್ತದೆ

ಅಮೆರಿಕದ ಗಡಿಯಾರಗಳಲ್ಲಿ ಒಳಗೋ ತಳದಲ್ಲೋ ಹಿಂದೆಯೋ ಕಾಗದದ ಲೇಬಲ್ ಇರುತ್ತದೆ. ಹರಿದಿದ್ದರೂ, ಕಂದಿದ್ದರೂ ಕೀಳಬೇಡಿ. ಸೆತ್ ಥಾಮಸ್ ಅನ್ನುವ ಕಂಪನಿಯ ಲೇಬಲ್‌ನಲ್ಲಿ ಊರು ಪ್ಲಿಮತ್ ಹಾಲೋ ಅಂತಿದ್ದರೆ, ಥಾಮಸ್ಟನ್ ಅಂತಿರುವುದಕ್ಕಿಂತ ಹಳೆಯದು. ಆ ಊರಿಗೆ ಆಮೇಲೆ ಅವರದೇ ಹೆಸರು ಬಂತು. ಸೆಷನ್ಸ್ ಅಂತಿದ್ದರೆ 1903ಕ್ಕಿಂತ ಹಿಂದಿನದಲ್ಲ, ಆ ವರ್ಷ ಇ. ಎನ್. ವೆಲ್ಚ್ ಕಂಪನಿ ಆ ಹೆಸರಿಗೆ ಬದಲಾಯಿತು. ಆನ್ಸೋನಿಯಾ ಆದರೆ 1929ರ ಆಚೆಗೆ ಬರುವುದಿಲ್ಲ, ಆ ವರ್ಷ ಕಾರ್ಖಾನೆಯ ಯಂತ್ರಗಳೆಲ್ಲ ಸೋವಿಯತ್ ದೇಶಕ್ಕೆ ಮಾರಾಟವಾದವು.

ಸೆತ್ ಥಾಮಸ್ ಪೆಟ್ಟಿಗೆಯ ತಳದಲ್ಲಿ ಶಾಯಿಯಲ್ಲಿ ಒತ್ತಿದ ಅಂಕಿ ಇದೆಯಾ ನೋಡಿ. 8981 ಎಲ್ ಅಂತಿದೆ ಅಂದುಕೊಳ್ಳಿ. ಅಂಕಿಯನ್ನು ಹಿಂದುಮುಂದು ಮಾಡಿದರೆ 1898. ಅಕ್ಷರ ತಿಂಗಳು: ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಎಲ್ಲ ಗಡಿಯಾರಗಳೂ ಇಷ್ಟು ನೇರವಾಗಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ?

ಜರ್ಮನಿಯವರಲ್ಲಿ ಲೆನ್ಸ್‌ಕಿರ್ಖ್, ಗುಸ್ತಾವ್ ಬೆಕರ್ ಮೆಷಿನ್ನುಗಳಿಗೆ ಕ್ರಮಸಂಖ್ಯೆ ಇರುತ್ತದೆ. ಯಾವ ಸಂಖ್ಯೆ ಯಾವ ವರ್ಷದ್ದು ಅಂತ ಸಂಗ್ರಾಹಕರು ಮಾಡಿಟ್ಟ ಪಟ್ಟಿಗಳಿವೆ. ಬೆಕರ್ ಗಡಿಯಾರದ ಮೇಲೆ ಫ್ರೈಬುರ್ಗ್ ಅಂತ ಇದ್ದರೆ ಅದು ಸೈಲೀಸಿಯಾದ ಫ್ರೈಬುರ್ಗ್, ಈಗ ಪೋಲೆಂಡಿಗೆ ಸೇರಿದ ಊರು. ಬ್ಲ್ಯಾಕ್ ಫಾರೆಸ್ಟ್ ಪಕ್ಕದ ಫ್ರೈಬುರ್ಗ್ ಅಂದುಕೊಂಡು ದಾರಿ ತಪ್ಪಬೇಡಿ. ಡಿ.ಆರ್.ಪಿ. ಅಂತಿದ್ದರೆ ಜರ್ಮನ್ ಪೇಟೆಂಟ್, 1877ರ ನಂತರದ್ದು. ಡಿ.ಆರ್.ಜಿ.ಎಂ. ಅಂತಿದ್ದರೆ ಅಲ್ಲಿ ನೋಂದಾಯಿಸಿದ ವಿನ್ಯಾಸ, 1891ರ ನಂತರದ್ದು.

ದೇಶದ ಹೆಸರೂ ಒಂದು ಗುರುತು. ಹೊರಗಿನಿಂದ ಬಂದ ಸಾಮಾನಿನ ಮೇಲೆ ದೇಶದ ಹೆಸರು ಇರಬೇಕು ಅಂತ ಅಮೆರಿಕ 1891ರಿಂದ ಕಡ್ಡಾಯ ಮಾಡಿತು. ಆದ್ದರಿಂದ ಇಂಗ್ಲಿಷ್‌ನಲ್ಲಿ ಫ್ರಾನ್ಸ್, ಜರ್ಮನಿ ಅಂತ ಒತ್ತಿದ್ದರೆ ಸಾಮಾನ್ಯವಾಗಿ ಆ ಕಾಲದ ಈಚಿನದು. ವೆಸ್ಟ್ ಜರ್ಮನಿ ಅಂತಿದ್ದರೆ 1949ರ ನಂತರದ್ದು, ಅದರಲ್ಲಿ ಅನುಮಾನವೇ ಇಲ್ಲ. ದೇಶದ ಹೆಸರು ಇಲ್ಲದಿದ್ದರೆ ಹಳೆಯದು ಅಂತ ಮಾತ್ರ ತೀರ್ಮಾನ ಮಾಡಬೇಡಿ. ತಮ್ಮ ದೇಶದಲ್ಲೇ ಮಾರಿದ್ದಕ್ಕೆ ಹೆಸರು ಹಾಕುವ ಅಗತ್ಯ ಇರಲಿಲ್ಲ.

ಪೆಟ್ಟಿಗೆ ಯಾವುದರದ್ದು?

ಕಪ್ಪು ಗಡಿಯಾರಗಳಲ್ಲಿ ಮೂರು ಬಗೆ ಇವೆ, ದೂರದಿಂದ ಮೂರೂ ಒಂದೇ ಥರ. ಫ್ರಾನ್ಸಿನವು ಹೆಚ್ಚಾಗಿ ಬೆಲ್ಜಿಯಮ್ಮಿನಿಂದ ತರಿಸಿದ ಕಪ್ಪು ಕಲ್ಲಿನವು. ಕೈಗೆ ತಣ್ಣಗೆ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಒಡೆದ ಮೂಲೆಯಲ್ಲಿ ಬೂದು ಬಣ್ಣ ಕಾಣುತ್ತದೆ. ಅಮೆರಿಕದವು ಎನಾಮಲ್ ಹಚ್ಚಿದ ಕಬ್ಬಿಣದವು, ಮ್ಯಾಗ್ನೆಟ್ ಇಟ್ಟರೆ ಕಚ್ಚಿಕೊಳ್ಳುತ್ತದೆ. ಇಲ್ಲವೇ ಮರದವು. ಸೆತ್ ಥಾಮಸ್‌ನ ಅಡಮಂಟೈನ್ ಅನ್ನುವುದು ಮರಕ್ಕೆ ಅಂಟಿಸಿದ ಸೆಲ್ಯುಲಾಯ್ಡ್ (ಹಳೆಯ ಬಗೆಯ ಪ್ಲಾಸ್ಟಿಕ್) ಹಾಳೆ. ಬಿಸಿ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಮೇಲೆ ಲೋಹದ ಬೊಂಬೆ ಇದ್ದರೆ, ಕಂಚೋ ಸತುವೋ ಅನ್ನುವುದರ ಮೇಲೆ ಬೆಲೆ ಎಷ್ಟೋ ಪಟ್ಟು ಏರಿಳಿಯುತ್ತದೆ. ತಳದಲ್ಲಿ ಯಾರಿಗೂ ಕಾಣದ ಕಡೆ, ಮೊದಲೇ ಗೀರು ಬಿದ್ದಿರುವ ಜಾಗ ಹುಡುಕಿ. ಗೀರಿನಲ್ಲಿ ಹಳದಿ ಕಂಡರೆ ಕಂಚು ಅಥವಾ ಹಿತ್ತಾಳೆ, ಬೂದು ಬೆಳ್ಳಗೆ ಕಂಡರೆ ಸತು. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಕಂಚು ದನಿ ಬಿಡುತ್ತದೆ, ಸತು ಸಪ್ಪೆ ಶಬ್ದ ಮಾಡುತ್ತದೆ. ಚಿನ್ನದ ಗಿಲೀಟಿನಲ್ಲೂ ಎರಡು ಬಗೆ. ಹಳೆಯದು ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು, ಕಾಯಿಸಿ ಪಾದರಸ ಹಾರಿಸುತ್ತಿದ್ದುದು. ಆ ಹೊಗೆ ಕೆಲಸದವರ ಜೀವ ತಿನ್ನುತ್ತಿತ್ತು. 1840ರ ನಂತರ ವಿದ್ಯುತ್ತಿನಿಂದ ಗಿಲೀಟು ಮಾಡುವ ಕ್ರಮ ಹರಡಿತು. ಹಳೆಯ ಬಗೆಯದು ದಪ್ಪ, ಬಣ್ಣ ಗಾಢ. ಒಂದೇ ಬೊಂಬೆಯಲ್ಲಿ ಮಂಕು ಜಾಗ, ಹೊಳೆಯುವ ಜಾಗ ಬೇರೆಬೇರೆ ಇರುತ್ತವೆ.

ಡಯಲ್ ಬಗ್ಗೆ ಒಂದು ಮಾತು. ನಾಲ್ಕನ್ನು ರೋಮನ್ ಅಂಕಿಯಲ್ಲಿ ನಾಲ್ಕು ಗೀಟಾಗಿ ಬರೆದಿರುತ್ತಾರೆ. ತಪ್ಪಾಗಿದೆ, ನಕಲಿ ಅಂತ ಹೇಳುವವರನ್ನು ಕಂಡಿದ್ದೇನೆ. ಗಡಿಯಾರದ ಡಯಲ್‌ನಲ್ಲಿ ಅದೇ ವಾಡಿಕೆ.

ಎಲ್ಲ ಒಂದೇ ಗಡಿಯಾರದ್ದಾ?

ಬೆಲೆಗೆ ಬಂದರೆ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುವುದು ಇದಕ್ಕೆ. ಪೆಟ್ಟಿಗೆ, ಮೆಷಿನ್, ಡಯಲ್, ಲೋಲಕ ಮೊದಲಿನಿಂದ ಜೊತೆಗಿದ್ದವಾ, ಅಥವಾ ಯಾರೋ ಎರಡು ಗಡಿಯಾರ ಸೇರಿಸಿ ಒಂದು ಮಾಡಿದ್ದಾರಾ? ಫ್ರೆಂಚ್ ಗಡಿಯಾರದಲ್ಲಿ ಡಯಲ್ ಸುತ್ತಿನ ಮುಂದಿನ ಬಳೆಯಿಂದ ಹಿಂದಿನ ಬಾಗಿಲಿನ ಬಳೆಯವರೆಗೆ ಎರಡು ಹಿತ್ತಾಳೆ ಪಟ್ಟಿಗಳು ಬಂದು, ತಿರುಪಿನಿಂದ ಮೆಷಿನ್ನನ್ನು ಪೆಟ್ಟಿಗೆಗೆ ಬಿಗಿದಿರುತ್ತವೆ. ಆ ಪಟ್ಟಿಯನ್ನು ಬಗ್ಗಿಸಿದ್ದರೆ, ತುಂಡು ಬೆಸೆದು ಉದ್ದ ಮಾಡಿದ್ದರೆ, ಆ ಮೆಷಿನ್ ಆ ಪೆಟ್ಟಿಗೆಗೆ ಹುಟ್ಟಿದ್ದಲ್ಲ. ಮರದ ಪೆಟ್ಟಿಗೆಯಾದರೆ ಖಾಲಿ ತಿರುಪಿನ ತೂತುಗಳನ್ನು, ಮರದ ಬಣ್ಣ ಮಾಸದೆ ಉಳಿದ ಗುರುತನ್ನು ನೋಡಿ. ಸುತ್ತಿಗೆ ಗಂಟೆಯ ಸರಿಯಾದ ಜಾಗಕ್ಕೆ ಬೀಳುತ್ತಾ? ಡಯಲ್‌ನಲ್ಲಿ ಕೀ ಹಾಕುವ ತೂತಿನ ನಡುವಿಗೇ ಕೀ ಕೂರುವ ಕಂಬಿ ಬರುತ್ತಾ? ಪ್ಲಸ್ ಗುರುತಿನ ತಿರುಪು ಕಂಡರೆ ಅದನ್ನು 1930ರ ದಶಕದ ನಂತರ ಹಾಕಿದ್ದು. ಹಿಂದೆ ಪ್ಲೈವುಡ್ ಇದ್ದರೆ ಅದನ್ನೂ ಅನುಮಾನದಿಂದ ನೋಡಿ. ತಟ್ಟೆಯ ಮೇಲೆ ಸೂಜಿಯಿಂದ ಗೀಚಿದ ರಿಪೇರಿಯವರ ಹೆಸರು, ತಾರೀಖು ಸಿಕ್ಕಿದರೆ ಅಳಿಸಬೇಡಿ. ಆ ತಾರೀಖಿಗೆ ಗಡಿಯಾರ ಇತ್ತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಬೇಕಾ?

ಮೆಷಿನ್ ತೆಗೆದು ಬ್ಯಾಟರಿ ಮೆಷಿನ್ ಹಾಕಿದ್ದರೆ ಉಳಿಯುವುದು ಪೆಟ್ಟಿಗೆಯ ಬೆಲೆ ಮಾತ್ರ.

ಬೆಲೆ

ಹಳೆಯದು ಅಂದರೆ ದುಬಾರಿ ಅನ್ನುವ ನಂಬಿಕೆ ಗಟ್ಟಿಯಾಗಿದೆ. ನಿಜ ಹಾಗಿಲ್ಲ. ಕಪ್ಪು ಕಲ್ಲಿನ ಗಡಿಯಾರಗಳು ಲೆಕ್ಕವಿಲ್ಲದಷ್ಟು ತಯಾರಾದವು, ಕಲ್ಲಾದ್ದರಿಂದ ಬಹಳಷ್ಟು ಉಳಿದವು. ಮೆಷಿನ್ ಎಷ್ಟೇ ಚೆನ್ನಾಗಿರಲಿ, ಕೇಳುವವರು ಕಡಿಮೆ, ಸಾಗಿಸುವುದೂ ಕಷ್ಟ. 20ನೇ ಶತಮಾನದ, ಮಧ್ಯೆ ಉಬ್ಬಿ ಎರಡು ಕಡೆ ಇಳಿಯುವ, ನೆಪೋಲಿಯನ್ ಟೊಪ್ಪಿ ಆಕಾರದ ಮರದ ಗಡಿಯಾರಗಳ ಕಥೆಯೂ ಅದೇ. ಪಾದರಸದ ಗಿಲೀಟಿನ ಕಂಚಿನ ಪೆಟ್ಟಿಗೆ, ಕೈಯಲ್ಲಿ ಚಿತ್ರ ಬರೆದ ಪೋರ್ಸ್‌ಲೇನ್ ಫಲಕಗಳು, ಫ್ಯೂಸೀ ಮೆಷಿನ್, ಕೆತ್ತನೆಯ ಹಿಂದಿನ ತಟ್ಟೆ, ತಯಾರಿಸಿದವನದೇ ಖಚಿತ ಸಹಿ: ಬೆಲೆ ಏರುವುದು ಇವುಗಳಿಂದ. ಗಡಿಯಾರದ ಜೊತೆ ಅದೇ ಕೆಲಸದ ಎರಡು ಮೇಣದಬತ್ತಿ ಕಂಬವೋ ಹೂದಾನಿಯೋ ಇದ್ದರೆ ಮೂರನ್ನೂ ಬೇರೆ ಮಾಡಬೇಡಿ. ಅಣ್ಣ ತಮ್ಮಂದಿರು ಪಾಲು ಮಾಡಿಕೊಂಡರೆ ಮೂವರಿಗೂ ನಷ್ಟ.

ಬೆಲೆ ಒಂದೇ ಅಲ್ಲ ಅನ್ನುವುದೂ ಗೊತ್ತಿರಲಿ. ವಿಮೆಗೆ ಬರೆಯುವುದು ಅಂಥದ್ದೇ ಇನ್ನೊಂದನ್ನು ಅಂಗಡಿಯಿಂದ ಕೊಳ್ಳಲು ಬೇಕಾಗುವ ಮೊತ್ತ. ಹರಾಜಿನಲ್ಲಿ ಬರುವುದು ಅದಕ್ಕಿಂತ ಕಡಿಮೆ. ಅದರಲ್ಲೂ ಹರಾಜು ಮನೆಯ ಕಮಿಷನ್ ಕಳೆದರೆ ಕೈಗೆ ಬರುವುದು ಇನ್ನೂ ಕಡಿಮೆ. ಹೋಲಿಸಿ ನೋಡುವಾಗ ಮಾರಾಟಗಾರರು ಕೇಳಿದ ಬೆಲೆ ನೋಡಬೇಡಿ, ಬೇಕಾದಷ್ಟು ಕೇಳಬಹುದು. ಹರಾಜು ಮನೆಗಳು ಪ್ರಕಟಿಸುವ, ನಿಜವಾಗಿ ಮಾರಾಟವಾದ ಬೆಲೆ ನೋಡಿ. ತಯಾರಕರು, ಕಾಲ, ಪೆಟ್ಟಿಗೆ, ಸ್ಥಿತಿ ಇಷ್ಟೂ ಹೊಂದುವ ನಾಲ್ಕಾರು ಮಾರಾಟ ಸಿಕ್ಕಿದರೆ ಅಂದಾಜು ಗಟ್ಟಿಯಾಗುತ್ತದೆ. ನಿಂತ ಗಡಿಯಾರವನ್ನು ರಿಪೇರಿ ಮಾಡಿಸಿ ಮಾರಬೇಕಾ ಅಂತ ಕೇಳುತ್ತಾರೆ. ಮಾಮೂಲಿ ಗಡಿಯಾರವಾದರೆ ಬೇಡ, ರಿಪೇರಿಯ ಖರ್ಚು ಬೆಲೆಯನ್ನೇ ಮೀರಬಹುದು. ಒಳ್ಳೆಯದಾದರೆ ಕೊಳ್ಳುವವರು ತಮಗೆ ನಂಬಿಕೆ ಇರುವವರ ಹತ್ತಿರ ಮಾಡಿಸಿಕೊಳ್ಳಲು ಇಷ್ಟಪಡುತ್ತಾರೆ.

ಮಾರುವ ಮೊದಲು ಚೆಂದ ಮಾಡಲು ಹೋಗಬೇಡಿ, ಕೈಮುಗಿದು ಕೇಳುತ್ತೇನೆ. ಹಿತ್ತಾಳೆ ಪಾಲಿಶ್ ಹಚ್ಚಿ ಉಜ್ಜಿದರೆ ಗಿಲೀಟು ಬಟ್ಟೆಗೆ ಬರುತ್ತದೆ, ಮತ್ತೆ ಬರುವುದಿಲ್ಲ. ಡಯಲ್‌ನ ಕೂದಲೆಳೆ ಬಿರುಕಿಗೆ ಬಣ್ಣ ತುಂಬಬೇಡಿ, ಮರಕ್ಕೆ ಹೊಸ ವಾರ್ನಿಶ್ ಬೇಡ. ಒಣ ಬಟ್ಟೆಯಲ್ಲಿ ಧೂಳು ತೆಗೆದರೆ ಸಾಕು.

ತಜ್ಞರಿಗೆ ಕಳಿಸುವ ಫೋಟೋಗಳು ಇವು: ಮುಂದಿನಿಂದ ಪೂರ್ತಿ, ಡಯಲ್ ಹತ್ತಿರದಿಂದ, ಬಾಗಿಲು ತೆಗೆದ ಹಿಂಬದಿ, ತಟ್ಟೆಯ ಪ್ರತಿ ಮುದ್ರೆ ಓರೆ ಬೆಳಕಿನಲ್ಲಿ, ಲೋಲಕದ ಎರಡೂ ಬದಿ, ತಳ, ಲೇಬಲ್, ಒಡೆದ ಜಾಗ. ಎತ್ತರ ಅಗಲ ಬರೆಯಿರಿ. ಸಾಗಿಸಬೇಕಾಗಿ ಬಂದರೆ ಲೋಲಕವನ್ನೂ ಗಂಟೆಯ ಬಟ್ಟಲನ್ನೂ ಬಿಡಿಸಿ ಬೇರೆಬೇರೆಯಾಗಿ ಬಟ್ಟೆಯಲ್ಲಿ ಸುತ್ತಿ. ಕೀಯನ್ನೂ ಉದುರಿದ ಚೂರುಗಳನ್ನೂ ಒಂದು ಲಕೋಟೆಗೆ ಹಾಕಿ, ಮೇಲೆ ಮೆಷಿನ್ನಿನ ಕ್ರಮಸಂಖ್ಯೆ ಬರೆದು, ಗಡಿಯಾರದ ಜೊತೆಯೇ ಕಳಿಸಿ.